ಶಾಲು ಬೇಡವೆಂದ ಬ್ಯಾಂಡ್

ನಾನು ಮೂರು ವರ್ಷ ಒಂದು ಬ್ಯಾಂಡಿನಲ್ಲಿ ಬೊಬ್ಬೆ ಹಾಕುತ್ತಿದ್ದೆ. ಹಾಡುತ್ತಿದ್ದೆ ಎಂದು ಬರೆದರೆ ಸುಳ್ಳಾಗುತ್ತದೆ, ನಿಜವಾಗಿ ಹಾಡುವವರಿಗೆ ಬೇಜಾರೂ ಆಗುತ್ತದೆ. ಅಮೆರಿಕದವರು ಹಾರ್ಡ್‌ಕೋರ್ ಪಂಕ್ ಎಂದು ಕರೆಯುವ ಸಂಗೀತ ಅದು. ಸಿಟ್ಟು ಬಂದವರು ಆ ಸಿಟ್ಟು ಇಳಿಯುವ ಮೊದಲೇ ಹೇಳಿ ಮುಗಿಸುವ ಪದ್ಯಗಳು. ಪುತ್ತೂರು, ಸುಳ್ಯ, ಕಡಬದ ಕಡೆಯಲ್ಲಿ ಅದನ್ನು ನುಡಿಸಿದವರು ನಾವು ನಾಲ್ಕೇ ಜನ. ನಮಗಿಂತ ಮೊದಲು ಯಾರೂ ಇರಲಿಲ್ಲ. ನಂತರ ಯಾರಾದರೂ ಬರುವುದಾದರೆ ನನ್ನನ್ನೊಂದು ಮಾತು ಕೇಳಿ ಬರಲಿ. ಇಷ್ಟು ಜಂಬ ನನಗೆ ಉಂಟು, ಮುಚ್ಚಿಡುವುದಿಲ್ಲ.

ಹೆಸರು ಬರೆಯುವುದಿಲ್ಲ. ನಮ್ಮಲ್ಲಿ ಹೇಗೂ ಜನರನ್ನು ಊರಿನಿಂದಲೇ ಗುರುತು ಹಿಡಿಯುವುದು. ಗಿಟಾರಿನವನು ಈಶ್ವರಮಂಗಲದವನು, ಪುತ್ತೂರಿನಲ್ಲಿ ಮಿಕ್ಸಿ, ಫ್ಯಾನು ರಿಪೇರಿ ಅಂಗಡಿ ಇಟ್ಟಿದ್ದ. ನಮ್ಮ ಮನೆಯ ಮಿಕ್ಸಿ ಅವನ ಅಂಗಡಿಯಲ್ಲಿ ಒಂದೂವರೆ ತಿಂಗಳು ಕೂತಿತ್ತು. ಮೂರನೇ ಸಲ "ನಾಳೆ ಬನ್ನಿ" ಎಂದಾಗ ನಾನು ಹಾಕಿದ ಬೊಬ್ಬೆಗೆ ಎದುರಿನ ಬೇಕರಿಯವರು, ಮೇಲಿನ ಟೈಲರು ಎಲ್ಲ ಹೊರಗೆ ಬಂದರು. ಅವನು ಮಾತ್ರ ಕೈಕಟ್ಟಿ ಕೊನೆಯವರೆಗೆ ಕೇಳಿದ. ಆಮೇಲೆ, "ನೀವು ಬ್ಯಾಂಡಿಗೆ ಬರ್ತೀರಾ?" ಎಂದ.

ನನಗೆ ಇನ್ನೂ ಸಿಟ್ಟು ಬಂತು. ಅವನು ಮೊಬೈಲಿನಲ್ಲಿ ಒಂದು ವಿಡಿಯೋ ಹಾಕಿದ. ಅಮೆರಿಕದ ಯಾವುದೋ ಮನೆಯ ನೆಲಮಾಳಿಗೆ, ನಾಲ್ಕು ಹುಡುಗರು, ಮೈಗೆ ಮೈ ತಾಗುವಷ್ಟು ಜನ. ಒಂದು ನಿಮಿಷಕ್ಕೆ ಪದ್ಯ ಮುಗಿಯಿತು. ಒಂದು ಶಬ್ದವೂ ಅರ್ಥವಾಗಲಿಲ್ಲ, ಆದರೆ ಆ ಹುಡುಗ ಯಾಕೆ ಕಿರುಚುತ್ತಾನೆ ಎಂದು ನನಗೆ ಪೂರ್ತಿ ಗೊತ್ತಾಯಿತು. ಮಿಕ್ಸಿ ಮರುದಿನವೇ ರಿಪೇರಿಯಾಯಿತು.

ಬೇಸ್ ಗಿಟಾರಿಗೆ ಕಾಣಿಯೂರಿನ ನನ್ನ ಕಾಲೇಜು ಗೆಳತಿಯನ್ನು ಎಳೆದು ತಂದೆ. ಮಾತು ಕಡಿಮೆ, ಆಡಿದ್ದು ಬದಲಾಗುವುದಿಲ್ಲ, ಅಂಥವಳು. ಡ್ರಮ್ಮಿಗೆ ಸಿಕ್ಕಿದವನು ಸವಣೂರಿನ ರಿಕ್ಷಾ ಡ್ರೈವರ್. ಅವನ ಅಪ್ಪ ಊರಿನ ಸಮಾರಂಭಗಳಿಗೆ ಅಡಿಗೆ ಮಾಡುವವರು. ಅಪ್ಪನ ಕೊಪ್ಪರಿಗೆಗಳನ್ನು ಕವುಚಿ ಹಾಕಿ ಬಡಿದೇ ಅವನು ಕಲಿತದ್ದು. ನಾನು ಸುಳ್ಯ ಕಡೆಯವಳು. ಪುತ್ತೂರಿನ ಒಂದು ಲ್ಯಾಬಿನಲ್ಲಿ ಜನರ ರಕ್ತ ತೆಗೆಯುವುದು ಆಗಲೂ ಈಗಲೂ ನನ್ನ ಕೆಲಸ.

ನಮ್ಮ ಅಭ್ಯಾಸ ಕಾಣಿಯೂರಿನವಳ ಮನೆಯ ಹೊಗೆಗೂಡಿನಲ್ಲಿ. ರಬ್ಬರ್ ಶೀಟುಗಳನ್ನು ತೂಗುಹಾಕಿ ಹೊಗೆಯಲ್ಲಿ ಒಣಗಿಸುವ ಕೋಣೆ ಅದು, ಕಿಟಕಿ ಇಲ್ಲ. ಆ ಶೀಟುಗಳ ನಡುವೆ ಎಷ್ಟು ಕಿರುಚಿದರೂ ಅಂಗಳಕ್ಕೆ ಅರ್ಧವೇ ಕೇಳುತ್ತಿತ್ತು. ಮನೆಗೆ ಹೋದರೆ ನನ್ನ ತಲೆಕೂದಲಲ್ಲಿ ಹೊಗೆ ವಾಸನೆ, ಗಂಟಲಲ್ಲಿ ಸ್ವರ ಇಲ್ಲ. "ಗೂಡೆ, ಗಂಟ್ಲಿಗೆ ಏನಾತ್?" ಎಂದು ಅಜ್ಜಿ ನಮ್ಮ ಅರೆಭಾಷೆಯಲ್ಲಿ ಕೇಳುವಳು, ಗೂಡೆ ಎಂದರೆ ಹುಡುಗಿ. ಶೀತ ಎನ್ನುತ್ತಿದ್ದೆ. ಮೂರು ವರ್ಷ ಶೀತ ಇರುವ ಹುಡುಗಿಗೆ ಅವಳು ಎಷ್ಟು ಕಾಳುಮೆಣಸಿನ ಕಷಾಯ ಕುಡಿಸಿದಳೋ ಲೆಕ್ಕವಿಲ್ಲ.

ಒಟ್ಟು ಹನ್ನೊಂದು ಪದ್ಯ ಕಟ್ಟಿದೆವು. ಕಾಲೇಜು ಮಕ್ಕಳನ್ನು ಕಂಡರೆ ನಿಲ್ಲಿಸದ ಬಸ್ಸಿನ ಮೇಲೆ ಒಂದು. ಹೆಣ್ಣು ನೋಡಲು ಬಂದು ಚಹಾದ ಲೋಟ ಹಿಡಿದು "ನಡೆದು ತೋರಿಸು" ಎಂದವರ ಮೇಲೆ ಒಂದು. ಅದು ನನ್ನ ಸ್ವಂತ ಅನುಭವ, ನಲವತ್ತು ಸೆಕೆಂಡಿನದ್ದು.

ಮೊದಲ ಕಾರ್ಯಕ್ರಮ ಒಂದು ಯುವಕ ಮಂಡಲದ ವಾರ್ಷಿಕೋತ್ಸವದಲ್ಲಿ. ನಮ್ಮಲ್ಲಿ ಸ್ಟೇಜಿನ ಮೇಲೆ ಅತಿಥಿಗಳನ್ನು ಕೂರಿಸುವುದಕ್ಕೆ ಮಿತಿ ಇಲ್ಲ, ಯಾರನ್ನು ಬಿಟ್ಟರೂ ಅವರಿಗೆ ಬೇಸರ. ಅಂದು ಎರಡು ಸಾಲು ಕುರ್ಚಿ ತುಂಬಿತ್ತು, ಭಾಷಣ ಮುಗಿಯುವ ಲಕ್ಷಣವೇ ಇರಲಿಲ್ಲ. ಕಾದು ಕಾದು ಸಾಕಾಗಿ ಸ್ಟೇಜಿನ ಎದುರು ನೆಲದ ಮೇಲೆಯೇ ಡ್ರಮ್ ಇಟ್ಟು, ಧನ್ಯವಾದ ಸಮರ್ಪಣೆ ಮುಗಿದ ಕೂಡಲೇ ಸುರು ಮಾಡಿದೆವು. ಮೊದಲ ಪದ್ಯ ಆದ ಮೇಲೆ ಅಜ್ಜನೊಬ್ಬರು ಹತ್ತಿರ ಬಂದು, "ಇದು ಮೈಕ್ ಟೆಸ್ಟಾ, ಪದ್ಯವಾ?" ಎಂದು ಮರ್ಯಾದೆಯಿಂದ ಕೇಳಿದರು. ನಾಲ್ಕನೆಯದಕ್ಕೆ ಜನ ನಮ್ಮ ಸುತ್ತ ನಿಂತಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿದ ಹೆಂಗಸೊಬ್ಬಳು ನನ್ನ ಕೈಯಿಂದ ಮೈಕ್ ತೆಗೆದುಕೊಂಡು ಬಸ್ಸಿಗೆ ತನ್ನದೂ ಎರಡು ಬೈಗುಳ ಸೇರಿಸಿದಳು.

ಅವತ್ತಿನಿಂದ ನಮ್ಮದು ಒಂದೇ ನಿಯಮ: ನಾವು ಯಾರೂ ಸ್ಟೇಜ್ ಹತ್ತುವುದಿಲ್ಲ. ಬೆಂಗಳೂರಿನ ಸಣ್ಣ ಕೋಣೆಯಲ್ಲಿ ನುಡಿಸಿದಾಗಲೂ, ಮಂಗಳೂರಿನ ಕಾಲೇಜಿನಲ್ಲಿ ದೊಡ್ಡ ವೇದಿಕೆ ಕೊಟ್ಟಾಗಲೂ ನೆಲದಲ್ಲೇ ನಿಂತೆವು. ನಮ್ಮ ಪದ್ಯಗಳ ಕ್ಯಾಸೆಟ್ ಒಂದು ಬಂತು, ಈ ಸಂಗೀತದವರಿಗೆ ಈಗಲೂ ಕ್ಯಾಸೆಟ್ಟೇ ಇಷ್ಟ. ಕೇಳುವ ಯಂತ್ರ ನಮ್ಮ ನಾಲ್ಕು ಮನೆಗಳಲ್ಲಿ ಎಲ್ಲೂ ಇರಲಿಲ್ಲ. ಅಮೆರಿಕದ ಯಾರೋ ಒಬ್ಬರು ಅದು ಬೇಕೆಂದು ಬರೆದರು. ಅವರ ಸಂಗೀತ ಅವರಿಗೇ ವಾಪಸು! ಕ್ಯಾಸೆಟ್ ಕಳಿಸಿ ಪೋಸ್ಟ್ ಆಫೀಸಿನಿಂದ ಹೊರಗೆ ಬಂದಾಗ ಕಾಣಿಯೂರಿನವಳು ರಸ್ತೆಯಲ್ಲೇ ನನ್ನ ಬೆನ್ನಿಗೊಂದು ಗುದ್ದಿದಳು. ಅವಳ ಸಂತೋಷ ಅಷ್ಟು ದೊಡ್ಡದಾಗಿ ನಾನು ಕಂಡದ್ದು ಅದೊಂದೇ ಸಲ.

ಮೂರನೇ ವರ್ಷ ಸವಣೂರಿನ ಕಡೆಯ ಒಂದು ಯುವಕ ಮಂಡಲದ ಕಾರ್ಯದರ್ಶಿ ಫೋನ್ ಮಾಡಿದರು. ಕಾರ್ಯಕ್ರಮವೂ ಕೊಡಬೇಕು, ನಮಗೆ ಶಾಲು, ಪೇಟ, ಹಣ್ಣಿನ ಬುಟ್ಟಿ ಕೊಟ್ಟು ಸನ್ಮಾನವೂ ಮಾಡುತ್ತಾರೆ. ಗಿಟಾರಿನವನು ಸನ್ಮಾನ ಬೇಡ ಎಂದ. ಎರಡನೇ ಸಲ ಫೋನ್ ಬಂತು, ಆಗಲೂ ಬೇಡ ಎಂದ. ನಮ್ಮಲ್ಲಿ ಸನ್ಮಾನಕ್ಕೆ ಕರೆದರೆ ಯಾರೂ ಕೂಡಲೇ ಹೂಂ ಎನ್ನುವುದಿಲ್ಲ. ಎರಡು ಸಲ "ಛೆ, ನಮಗೆಲ್ಲ ಎಂತಕ್ಕೆ" ಎಂದ ಮೇಲೆಯೇ ಒಪ್ಪುವುದು ಮರ್ಯಾದೆ. ಕಾರ್ಯದರ್ಶಿಯವರು ಎರಡು ಸಲ ಕೇಳಿದರು, ಎರಡು ಸಲ ಬೇಡ ಎನ್ನಿಸಿಕೊಂಡರು, "ಎಷ್ಟು ಒಳ್ಳೆ ಹುಡುಗ" ಎಂದು ಮೆಚ್ಚಿ ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸಿದರು. ಅವರ ತಪ್ಪೇನೂ ಇಲ್ಲ. ನಿಜವಾಗಿ ಬೇಡ ಎನ್ನುವವರನ್ನು ಅವರು ಅಲ್ಲಿಯವರೆಗೆ ನೋಡಿರಲಿಲ್ಲ.

ಪತ್ರಿಕೆ ಹಿಡಿದುಕೊಂಡು ಸವಣೂರಿನವನು ಹೊಗೆಗೂಡಿಗೆ ಬಂದ. "ಆ ದಿನದ ಅಡಿಗೆ ನನ್ನ ಅಪ್ಪಂದೇ," ಎಂದ. "ಇದನ್ನು ಮಡಚಿ ಕಿಸೆಯಲ್ಲಿ ಇಟ್ಕೊಂಡು ಊರಿಡೀ ತೋರಿಸ್ತಾ ಇದ್ದಾರೆ. ಮೂವತ್ತು ವರ್ಷದಿಂದ ಅವರು ಹಿಂದೆ ನಿಂತು ಬೇರೆಯವರ ಸನ್ಮಾನ ಕೇಳಿದ್ದು. ಈ ಸಲ ಅವರ ಮಗಂದು. ನಾನು ಸ್ಟೇಜಿಗೆ ಹೋಗುದೇ."

"ಆಗುದಿಲ್ಲ," ಎಂದವಳು ನಾನೇ. ಬಸ್ಸಿಗೆ ಬೈದ ಹೆಂಗಸಿನ ಎದುರು ನಾಳೆ ನಾವು ಪೇಟ ಕಟ್ಟಿಕೊಂಡು ಮೇಲೆ ಕೂತರೆ ಇಷ್ಟು ದಿನ ಹೇಳಿದ್ದೆಲ್ಲ ನಾಟಕ ಎಂದೆ. ಗಿಟಾರಿನವನು ನನ್ನ ಕಡೆ, ಕಾಣಿಯೂರಿನವಳು ಸವಣೂರಿನವನ ಕಡೆ. ಇಬ್ಬರಿಗೆ ಇಬ್ಬರು. ಬಾಯಿ ನನ್ನದು ದೊಡ್ಡದು. ಅವನ ಅಪ್ಪನ ಆಸೆಯನ್ನು ಶೋಕಿ ಎಂದುಬಿಟ್ಟೆ. ಅದನ್ನು ನೆನೆದರೆ ಈಗಲೂ ನನಗೆ ನಾಚಿಕೆ.

ಅವನು ಡ್ರಮ್ಮಿನ ಕೋಲುಗಳನ್ನು ಕೆಳಗಿಟ್ಟು, "ಹಾಗಾದ್ರೆ ನಾನು ಬ್ಯಾಂಡ್ ಬಿಡ್ತೇನೆ. ಬೇರೆಯವರನ್ನು ಹುಡುಕಿ," ಎಂದ.

ಆಗ ಕಾಣಿಯೂರಿನವಳು ಹೇಳಿದಳು: "ಇವನಿಲ್ಲದೆ ಯಾರನ್ನು ಹುಡುಕುದು ಮಾರಾಯ್ತಿ? ಬಿಡುದಾದ್ರೆ ನಾಲ್ಕು ಜನವೂ ಬಿಡುವ. ಬ್ಯಾಂಡ್ ಇದ್ರೆ ಅಲ್ವಾ ನಿಯಮ? ಆ ದಿನ ನೆಲದಲ್ಲಿ ನುಡಿಸುವ, ಅಲ್ಲಿಗೆ ಬ್ಯಾಂಡ್ ನಿಲ್ಲಿಸುವ. ಆಮೇಲೆ ಇವನು ಸ್ಟೇಜಿಗೆ ಹೋಗ್ಲಿ, ಚಂದ್ರನಿಗೆ ಬೇಕಾದ್ರೂ ಹೋಗ್ಲಿ."

ನಾನು ನಕ್ಕೆ. ಅವಳು ನಗಲಿಲ್ಲ. ಹಾವು ಸಾಯಬೇಕು, ಕೋಲು ಮುರಿಯಬಾರದು ಎನ್ನುತ್ತಾರೆ ಬಲ್ಲವರು. ನಾವು ಕೋಲನ್ನೇ ಮುರಿದು ಹಾಕುವುದೆಂದು ನಾಲ್ಕೂ ಜನ ಒಪ್ಪಿದೆವು. ಮನೆಗೆ ಹೋಗುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಳುತ್ತಲೇ ಇದ್ದೆ, ಪಕ್ಕದ ಸೀಟಿನವರು ಯಾರು ತೀರಿಹೋದದ್ದು ಎಂದು ಕೇಳಿದರು.

ಸನ್ಮಾನದ ದಿನ, ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಹನ್ನೊಂದು ಪದ್ಯ ನುಡಿಸಿದೆವು. ಅಷ್ಟು ಚೆನ್ನಾಗಿ ನಾವು ಯಾವತ್ತೂ ನುಡಿಸಿರಲಿಲ್ಲ. ಸವಣೂರಿನವನ ಹೊಡೆತಕ್ಕೆ ಶಾಮಿಯಾನದ ಕಂಬ ನಡುಗುತ್ತಿತ್ತು. ಕೊನೆಯ ಪದ್ಯವಾದ ಮೇಲೆ, "ನಮ್ಮ ಬ್ಯಾಂಡ್ ಇಲ್ಲಿಗೆ ಮುಗಿಯಿತು, ಎಲ್ಲರಿಗೂ ವಂದನೆ," ಎಂದೆ. ಕಾರ್ಯಕ್ರಮ ಮುಗಿಯಿತು ಎಂದುಕೊಂಡು ಜನ ಚಪ್ಪಾಳೆ ತಟ್ಟಿದರು. ಸವಣೂರಿನವನು ಮುಖ ಒರೆಸಿಕೊಂಡು, ಅಂಗಿ ಬದಲಾಯಿಸಿ, ಮೆಟ್ಟಿಲು ಹತ್ತಿದ.

ಕಾರ್ಯದರ್ಶಿಯವರು ಉಳಿದ ಮೂವರನ್ನು ಹಿಡಿಯಲು ಓಡಿ ಬಂದರು. "ಬನ್ನಿ ಬನ್ನಿ, ಸಂಕೋಚ ಎಂತಕ್ಕೆ!" ಎಂದು ನನ್ನ ಕೈ ಹಿಡಿಯಲು ಬಂದರು. ಇವರಿಗೆ ಬೇಡ ಎಂದು ಹೇಳಿ ಪ್ರಯೋಜನವಿಲ್ಲವೆಂದು ಗೊತ್ತಿದ್ದ ನಾನು ಶಾಮಿಯಾನದ ಹಿಂದಿನ ಅಡಿಗೆ ಶೆಡ್ಡಿಗೆ ಓಡಿದೆ.

ಅಲ್ಲಿ ಸವಣೂರಿನವನ ಅಪ್ಪ ಒಬ್ಬರೇ ಇದ್ದರು. ಸಹಾಯಕ್ಕೆ ಇದ್ದವರು ಎಲೆ ಹಾಕಲು ಹೋಗಿದ್ದರು. ಕೊಪ್ಪರಿಗೆಯಲ್ಲಿ ಕಡ್ಲೆಬೇಳೆ ಪಾಯಸ. ತೆಂಗಿನಹಾಲು ಆಗಷ್ಟೇ ಬಿದ್ದಿತ್ತು. ಮೈಕಿನಲ್ಲಿ ಸನ್ಮಾನ ಎಂದು ಕೂಗುವುದು ಕೇಳುತ್ತಿತ್ತು. ಅವರು ಆ ಕಡೆ ಕಿವಿ ಕೊಟ್ಟು ಮಗುಚುತ್ತಲೇ ಇದ್ದರು.

"ಮಾವ, ನೀವು ಹೋಗಿ."

"ಬಿಟ್ರೆ ಅಡಿ ಹಿಡೀತದೆ ಮಗಾ. ಇಲ್ಲಿಂದಲೇ ಕೇಳ್ತದೆ, ಸಾಕು."

ನಾನು ಸಟ್ಟುಗ ಅವರ ಕೈಯಿಂದ ಕಿತ್ತುಕೊಂಡೆ. ಕಿತ್ತುಕೊಂಡೆ ಎಂದೇ ಬರೆಯಬೇಕು, ಅವರು ಸುಲಭಕ್ಕೆ ಬಿಡಲಿಲ್ಲ. ಕೊನೆಗೆ ಸೊಂಟದ ಬೈರಾಸು ಟವೆಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡು ಹೋದರು. ನಾನು ಒಬ್ಬಳೇ ಮಗುಚಿದೆ. ಸನ್ಮಾನ ಪತ್ರ ಓದಿದರು, ಸುಪುತ್ರ ಎಂಬ ಮಾತಿನ ಹಿಂದೆ ಅವರ ಹೆಸರು ಬಂತು, ಚಪ್ಪಾಳೆ ಬಿತ್ತು. ಶೋಕಿ ಎಂದಿದ್ದವಳು ನಾನು, ಅಡಿ ಹಿಡಿಯದ ಹಾಗೆ ಸಟ್ಟುಗವನ್ನು ತಳಕ್ಕೆ ಒತ್ತಿ ಮಗುಚಿದೆ.

ಅವರು ಬಂದವರೇ ಮೊದಲು ಕೊಪ್ಪರಿಗೆಗೆ ಬಗ್ಗಿ ನೋಡಿದರು. "ಅಡಿ ಹಿಡೀಲಿಲ್ಲ," ಎಂದರು. ಕಣ್ಣು ಕೆಂಪಾಗಿತ್ತು. ಸಟ್ಟುಗ ವಾಪಸು ತೆಗೆದುಕೊಂಡು ಸ್ವಲ್ಪ ಹೊತ್ತು ಮಗುಚಿ, "ನಿಮ್ಮದು ಇನ್ನು ಎಲ್ಲಿ ಉಂಟು ಕಾರ್ಯಕ್ರಮ?" ಎಂದು ಕೇಳಿದರು. "ಎಲ್ಲ ಸಲವೂ ನನಗೆ ಎಲ್ಲಿಯಾದ್ರೂ ಅಡಿಗೆ. ಒಂದು ಸಲ ಸರಿಯಾಗಿ ಕೇಳ್ಬೇಕು."

ಬ್ಯಾಂಡ್ ನಿಲ್ಲಿಸುವುದನ್ನು ಮಗ ಮನೆಯಲ್ಲಿ ಹೇಳಿರಲಿಲ್ಲ. ನಾನೂ ಹೇಳಲಿಲ್ಲ. "ಈಗಲೇ ಉಂಟು ಮಾವ," ಎಂದೆ. ಗಿಟಾರಿಲ್ಲ, ಡ್ರಮ್ಮಿಲ್ಲ, ಮೈಕಿಲ್ಲ. ಬಸ್ಸಿನ ಪದ್ಯ ಹೇಳಿದೆ, ಇದ್ದ ಶಕ್ತಿಯೆಲ್ಲ ಹಾಕಿ. ಅವರು ಮಗುಚುತ್ತಾ ತಲೆ ಆಡಿಸಿದರು. "ಸರಿ ಉಂಟು ನೀನು ಹೇಳಿದ್ದು," ಎಂದರು. "ಇನ್ನೊಂದು ಹೇಳು."

ಹನ್ನೊಂದನ್ನೂ ಹೇಳಿದೆ. ಅಷ್ಟರಲ್ಲಿ ಬಡಿಸುವವರು ಬಂದು ಪಾಯಸ ತೆಗೆದುಕೊಂಡು ಹೋದರು.