ಮಾಡಿಗೆ ಹುಲ್ಲು ಬಾರದ ವರ್ಷ

ಬಂಟ್ವಾಳದ ಪ್ರವಾಸಿ ಬಂಗ್ಲೆಯ ಜಗಲಿಯಲ್ಲಿ ಆ ದಿನ ಬೆತ್ತದ ಕುರ್ಚಿಯಲ್ಲಿ ಕುಳಿತವರು ಘಟ್ಟದ ಮೇಲಿನಿಂದ ಬಂದ ಮಂತ್ರಿಗಳು. ಅವರ ಬಲಕ್ಕೆ ನಮ್ಮ ಧಣಿಗಳು. ಪಂಚಾಯತಿಗೆ ಅವರೇ ಅಧ್ಯಕ್ಷರು, ನಾನು ಕಲಿಸುತ್ತಿದ್ದ ಶಾಲೆಗೆ ಅವರೇ ಸಂಚಾಲಕರು, ನಾವು ಎಂಟು ಸಂಸಾರಗಳು ಬಾಡಿಗೆಗಿದ್ದ ಸಾಲು ಬಿಡಾರಗಳಿಗೂ ಅವರೇ ಯಜಮಾನರು. ಕೆಳಗಿನ ಮೆಟ್ಟಿಲಲ್ಲಿ ಕಾಲು ಚಾಚಿ ಕುಳಿತವರು ಮೊದಲನೆಯ ಬಿಡಾರದ ಅಜ್ಜಿ, ಬೀಡಿ ಕಟ್ಟಿ ಬದುಕುತ್ತಿದ್ದವರು. ಅಜ್ಜಿಗೂ ಕುರ್ಚಿಗೂ ನಡುವೆ ನಿಂತವನು ಎಂಟನೆಯ ಬಿಡಾರದ ನಾನು. ಮಂತ್ರಿಗಳಿಗೆ ತುಳು ಬಾರದು, ಅಜ್ಜಿಗೆ ಕನ್ನಡ ಬಾರದು. ಅವರ ಮಾತು ಇವರಿಗೆ, ಇವರ ಮಾತು ಅವರಿಗೆ ಮುಟ್ಟಿಸಬೇಕಾದವನು ಮಾಷ್ಟ್ರು. ಉಳಿದ ಬಿಡಾರದವರು ಅಂಗಳದ ಬಿಸಿಲಲ್ಲಿ ನಿಂತಿದ್ದರು.

ನಮ್ಮ ಬಿಡಾರಗಳ ಮಾಡು, ಅಂದರೆ ಸೂರು, ಮುಳಿಹುಲ್ಲಿನದು. ವರ್ಷಕ್ಕೊಮ್ಮೆ ಹಳೆಯದನ್ನು ಕಿತ್ತು ಹೊಸದು ಹೊದೆಸದಿದ್ದರೆ ನಮ್ಮ ಕಡೆಯ ಮಳೆಗೆ ಅದು ಒಂದು ವಾರ ತಾಳುವುದಿಲ್ಲ. ಹುಲ್ಲು ಧಣಿಗಳದು, ಹೊದೆಸುವ ಕೆಲಸ ಬಾಡಿಗೆಯವರದು. ಇದನ್ನು ಯಾರೂ ಕಾಗದದಲ್ಲಿ ಬರೆದುಕೊಂಡಿರಲಿಲ್ಲ. ಮೂಡುಬಿದಿರೆಯ ಕಡೆಯ ಪದವುಗಳಿಂದ, ಆ ಬೋಳು ಗುಡ್ಡದ ಬಯಲುಗಳಿಂದ, ಪ್ರತಿವರ್ಷ ಗಾಡಿಯಲ್ಲಿ ಹುಲ್ಲು ಬರುತ್ತಿತ್ತು, ನಾವು ಮಾಡು ಹತ್ತುತ್ತಿದ್ದೆವು. ಆ ವರ್ಷ ಗಾಡಿ ಬರಲಿಲ್ಲ. ಬಾಡಿಗೆ ಹೆಚ್ಚು ಕೊಟ್ಟರೆ ಮಾತ್ರ ಹುಲ್ಲು ಎಂದು ಧಣಿಗಳು ಹೇಳಿ ಕಳಿಸಿದ್ದರು. ನಮ್ಮನ್ನು ಎಬ್ಬಿಸಲು ಅವರು ಕೋರ್ಟಿಗೆ ಹೋಗಬೇಕಾಗಿರಲಿಲ್ಲ. ಸುಮ್ಮನೆ ಕುಳಿತರೆ ಸಾಕು, ಉಳಿದದ್ದನ್ನು ಮಳೆ ನೋಡಿಕೊಳ್ಳುತ್ತಿತ್ತು. ಬೇಸಿಗೆಯ ಆಟ, ಜಾತ್ರೆಗಳು ಮುಗಿಯುವ ದಿನವಾದ ಪತ್ತನಾಜೆಗೆ ಇನ್ನು ಒಂಬತ್ತು ದಿನ. ಅದು ಕಳೆದರೆ ಮಳೆ ಯಾವ ದಿನವೂ ಸುರಿಯಬಹುದು.

ಹೆಚ್ಚು ಬಾಡಿಗೆ ಕೊಡುವುದಾದರೂ ಎಲ್ಲಿಂದ? ಪೇಟೆಯಲ್ಲಿ ಕುಚ್ಚಲಕ್ಕಿ ಕಾಣುತ್ತಿರಲಿಲ್ಲ, ಕಂಡರೆ ಮುಟ್ಟುವ ಹಾಗಿರಲಿಲ್ಲ. ಪಡಿತರದ ಅಂಗಡಿಯಲ್ಲಿ ಗೋಧಿ ಕೊಡುತ್ತಿದ್ದರು. ಅದನ್ನು ಏನು ಮಾಡುವುದೆಂದು ತಿಳಿಯದೆ ನಮ್ಮ ಹೆಂಗಸರು ಅದರಲ್ಲೂ ಗಂಜಿಯನ್ನೇ ಮಾಡಿದರು. ಎಂಟೂ ಬಿಡಾರಗಳಲ್ಲಿ ಹೊಟ್ಟೆ ಕೆಟ್ಟಿತು. ಧಣಿಗಳ ಅಟ್ಟದಲ್ಲಿ ಮಾತ್ರ ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಅಕ್ಕಿ ಮುಡಿಗಳು ಜಂತಿ ಮುಟ್ಟುವಷ್ಟಿದ್ದವು. ಅಂಗಳ ಗುಡಿಸುವವರು ಕಂಡಿದ್ದರು.

ಅಜ್ಜಿ ತುಳುವಿನಲ್ಲಿ ಶುರು ಮಾಡಿದರು. ಅವರು ಹೇಳಿದ್ದನ್ನು ಕನ್ನಡಕ್ಕೆ ತಂದರೆ ಇಷ್ಟು:

"ಹುಲ್ಲು ಕೊಡಿ, ಅಕ್ಕಿಗೇ ದುಡ್ಡು ಸಾಲದು, ಹೆಚ್ಚು ಬಾಡಿಗೆ ಎಲ್ಲಿಂದ ಅಂತ ಧಣಿಯನ್ನು ಕೇಳಿದೆ. ಅಕ್ಕಿ ಬೆಲೆ ಏರಿದ್ದು ನನ್ನಿಂದಲಾ, ಸರ್ಕಾರವನ್ನು ಕೇಳು ಅಂದರು. ಈಗ ಸರ್ಕಾರ ಇವರ ಮನೆಯಲ್ಲಿ ಮಧ್ಯಾಹ್ನ ಉಂಡು ಬಂದು ಕೂತಿದೆ. ಉಂಡದ್ದು ಯಾವ ಅಕ್ಕಿ ಅಂತ ಕೇಳಿ, ಮಾಷ್ಟ್ರೇ. ಬೆಲೆ ಇನ್ನೂ ಏರಲಿ ಅಂತ ಅಟ್ಟದಲ್ಲಿ ಕಾಯ್ತಾ ಉಂಟಲ್ಲ, ಅದೇ ಅಲ್ವಾ?"

ಧಣಿಗಳಿಗೆ ತುಳು ಬರುತ್ತಿತ್ತು. ಅವರು ಅಜ್ಜಿಯ ಕಡೆ ನೋಡಲಿಲ್ಲ, ನನ್ನನ್ನು ನೋಡಿದರು. ಶಾಲೆ ತೆರೆಯಲು ಎರಡು ವಾರ ಇತ್ತು. ನನ್ನನ್ನು ಮತ್ತೆ ಕೆಲಸಕ್ಕೆ ಕರೆಯುವುದೋ ಬಿಡುವುದೋ ಅವರ ಕೈಲಿತ್ತು.

"ಸ್ವಾಮಿ, ಜನರಿಗೆ ಈ ವರ್ಷ ಸ್ವಲ್ಪ ಕಷ್ಟ ಉಂಟು. ವಾಸದ ಅನಾನುಕೂಲವೂ ಉಂಟು. ತಾವು ದಯಮಾಡಿ ಗಮನಿಸಬೇಕು ಅಂತ ಹೇಳ್ತಾರೆ" ಎಂದೆ.

ಮಂತ್ರಿಗಳು ನಕ್ಕರು. "ಪಾಪ, ವಯಸ್ಸಾದವರು. ನೋಡಮ್ಮ, ಬೆಲೆ ನಮ್ಮ ಕೈಲಿಲ್ಲ. ದಿಲ್ಲಿಯಿಂದ ಧಾನ್ಯ ಬರಬೇಕು. ಮನೆ ವಿಷಯ ನೀವು ನೀವೇ ಕೂತು ಮಾತಾಡ್ಕೊಳ್ಳಿ. ಪರಿಶೀಲಿಸೋಣ" ಎಂದು ಎಳನೀರನ್ನು ಕೆಳಗಿಟ್ಟು ಶಾಲು ಸರಿಮಾಡಿಕೊಂಡರು. ಕಾರಿನ ಚಾಲಕ ಬೀಡಿ ಎಸೆದು ಬಾಗಿಲು ತೆರೆದ.

ನನ್ನ ತಪ್ಪು ಎಲ್ಲಿತ್ತೆಂದು ಅಜ್ಜಿ ಮತ್ತೆ ಬಾಯಿ ತೆರೆದಾಗ ಗೊತ್ತಾಯಿತು. ಅಜ್ಜಿ ಕನ್ನಡ ಮಾತಾಡಿದ್ದನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಮಾತಾಡದವರಿಗೆ ತಿಳಿಯುವುದೂ ಇಲ್ಲ ಎಂದುಕೊಂಡಿದ್ದೆ. ಆದರೆ ಐವತ್ತು ವರ್ಷ ಗದ್ದೆಯಲ್ಲಿ ಚಾಪೆ ಹಾಸಿ ಯಕ್ಷಗಾನದ ಆಟ ನೋಡಿದ ಹೆಂಗಸಿಗೆ ಕನ್ನಡ ಬಾರದೆ ಹೋಗುತ್ತದೆಯೇ? ನಾನೇ ಕನ್ನಡ ಕಲಿತದ್ದು ಅಜ್ಜನ ತೊಡೆಯ ಮೇಲೆ ಕುಳಿತು, ವೇಷಗಳ ಮಾತು ಕೇಳಿ.

ಅಜ್ಜಿ ಮೆಟ್ಟಿಲಲ್ಲಿ ನೆಟ್ಟಗೆ ಕುಳಿತರು. ಸೆರಗು ಬಿಗಿದರು. ಅವರಿಗೆ ಗೊತ್ತಿದ್ದ ಕನ್ನಡ ಅದೊಂದೇ, ರಂಗಸ್ಥಳದಲ್ಲಿ ಅರಸರು ಒಡ್ಡೋಲಗದಲ್ಲಿ ಆಡುವುದು. ಮಂತ್ರಿಯನ್ನು ಕರೆಯುವ ಕ್ರಮವೂ ಅವರಿಗೆ ಗೊತ್ತಿದ್ದದ್ದು ಅದೊಂದೇ.

"ಎಲೈ ಮಂತ್ರಿಯೇ, ನಮ್ಮ ರಾಜ್ಯದಲ್ಲಿ ಪ್ರಜೆಗಳೆಲ್ಲರೂ ಸುಖವಾಗಿರುವರೇ?"

ಅಂಗಳದಲ್ಲಿ ಯಾರೋ ಕಿಸಕ್ಕೆಂದು ನಕ್ಕು ಬಾಯಿ ಮುಚ್ಚಿಕೊಂಡರು. ಮಂತ್ರಿಗಳು ಏಳುತ್ತಿದ್ದವರು ಹಾಗೆಯೇ ನಿಂತರು.

"ಇರುವರೆಂದಾದರೆ ಹೋಗು. ಇಲ್ಲವೆಂದಾದರೆ ಕಾರಣನು ಯಾರು? ದಿಲ್ಲಿಯ ಅರಸನೋ, ನೀನೋ, ನಿನ್ನ ಬಲಕ್ಕೆ ಕುಳಿತವನೋ? ಒಬ್ಬನನ್ನು ತೋರಿಸು. ನಾವು ಅವನ ಬಾಗಿಲಿಗೆ ಹೋಗುವೆವು. ಓಟು ಕೇಳುವಾಗ ನೀನು ದಿಲ್ಲಿಯವನನ್ನು ಕಳಿಸಲಿಲ್ಲವಲ್ಲ, ನೀನೇ ಬಂದೆಯಲ್ಲ?"

ಧಣಿಗಳು ನಗಲು ನೋಡಿದರು. "ಅಜ್ಜಿಗೆ ಪ್ರಾಯ ಆಯ್ತು ಸ್ವಾಮಿ. ಆಟದ ಮರುಳು. ಮಾಷ್ಟ್ರು ಆಗ ಸರಿಯಾಗಿಯೇ ಹೇಳಿದ್ದಾರೆ. ಅಲ್ವಾ ಮಾಷ್ಟ್ರೇ?"

ಮಂತ್ರಿಗಳು ನಗಲಿಲ್ಲ. "ಮೇಷ್ಟ್ರೇ, ಇವರು ಮೊದಲು ಹೇಳಿದ್ದು ನೀವು ಹೇಳಿದ್ದೇನಾ?"

ಅಜ್ಜಿ ನನ್ನ ಕಡೆ ತಿರುಗಲೂ ಇಲ್ಲ, ಎಲೆಯಡಿಕೆಯ ಚೀಲ ಬಿಚ್ಚಿ ಅಡಿಕೆ ಹೋಳು ಹುಡುಕುತ್ತಿದ್ದರು. ಅವರು ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಅಲ್ಲ ಸ್ವಾಮಿ" ಎಂದೆ. ಆಮೇಲೆ ಎಲ್ಲವನ್ನೂ ಹೇಳಿದೆ. ಹುಲ್ಲು, ಬಾಡಿಗೆ, ಅಟ್ಟದ ಮುಡಿ, ಮಧ್ಯಾಹ್ನದ ಊಟ, ಯಾವುದನ್ನೂ ಬಿಡಲಿಲ್ಲ. ಒಂದು ಕೈಯಿಂದ ಜಗಲಿಯ ಕಂಬ ಹಿಡಿದಿದ್ದೆ.

ಮಂತ್ರಿಗಳು ಧಣಿಗಳ ಕಡೆ ಬಾಗಿ, ನನಗೆ ಕೇಳಿಸುವಷ್ಟೇ ಸಣ್ಣಗೆ, "ಮಳೆಗೆ ಮುಂಚೆ ಹುಲ್ಲು ಹಾಕಿಸಿಬಿಡಿ. ಚುನಾವಣೆ ಹತ್ತಿರ ಬರ್ತಾ ಇದೆ" ಎಂದರು. ಮುಡಿಗಳ ವಿಷಯ ಎತ್ತಲಿಲ್ಲ. ಮೆಟ್ಟಿಲಿಳಿಯುವಾಗ ಅಜ್ಜಿಗೆ ಕೈಮುಗಿದರು. ಕಾರು ಮಾಣಿ ಊರಿನ ಕಡೆ ಹೋಯಿತು. ಯಾರ ಬಾಗಿಲಿಗೆ ಹೋಗಬೇಕೆಂದು ಅವರು ಹೇಳಲೇ ಇಲ್ಲ.

ವಾಪಸು ಬರುವ ದಾರಿಯಲ್ಲಿ ನಾನು, "ಅಜ್ಜಿ, ತಪ್ಪಾಯ್ತು" ಎಂದೆ.

"ಹೌದು" ಎಂದರು. ಸ್ವಲ್ಪ ದೂರ ನಡೆದ ಮೇಲೆ, "ಮೊದಲನೇ ಸಲದ ಕನ್ನಡ ಚಂದ ಇತ್ತು. ಎರಡನೇದರಲ್ಲಿ ತಡವರಿಸಿದ್ದೇ ಜಾಸ್ತಿ. ಆದರೂ ಅದೇ ಆಗಬಹುದು" ಎಂದರು.

ಪತ್ತನಾಜೆಗೆ ಎರಡು ದಿನ ಇರುವಾಗ ಹುಲ್ಲಿನ ಗಾಡಿ ಬಂತು. ಗಾಡಿಯವನು ಒಂದನೆಯ ಬಿಡಾರದಿಂದ ಶುರು ಮಾಡಿ ಅಂಗಳಕ್ಕೊಂದು ರಾಶಿ ಇಳಿಸುತ್ತ ಬಂದ. ಏಳನೆಯದಕ್ಕೆ ಗಾಡಿ ಖಾಲಿ.

"ಎಂಟಕ್ಕೆ?" ಎಂದೆ.

ಅವನು ಎತ್ತಿನ ಹಗ್ಗ ಸರಿಮಾಡುತ್ತ, "ಏಳೇ ಅಂತ ಧಣಿಗಳ ಅಪ್ಪಣೆ. ಮಾಷ್ಟ್ರಿಗೆ ಮಂತ್ರಿಗಳೇ ಪರಿಚಯ ಉಂಟಂತೆ, ಬೇಕಾದರೆ ಅಲ್ಲಿಂದ ತರಿಸಿಕೊಳ್ತಾರಂತೆ" ಎಂದ. ನನ್ನ ಮುಖ ನೋಡಲಾರದೆ ಗಾಡಿ ತಿರುಗಿಸಿದ.

ಅಜ್ಜಿ ಹೊರಗೆ ಬಂದು ರಾಶಿಗಳನ್ನು ಒಮ್ಮೆ ನೋಡಿದರು. ತಮ್ಮ ರಾಶಿಯಿಂದ ಒಂದು ಹೊರೆ ಎಳೆದು ತಂದು ನನ್ನ ಬಾಗಿಲಲ್ಲಿ ಹಾಕಿದರು. ಹಿಂದೆಯೇ ಎರಡನೆಯ ಬಿಡಾರದವರು ತಂದರು, ಮತ್ತೆ ಮೂರನೆಯವರು. ಸಂಜೆಯೊಳಗೆ ಎಂಟೂ ಮಾಡುಗಳ ಮೇಲೆ ಜನ ಹತ್ತಿದ್ದರು. ಹುಲ್ಲಿನ ಪದರ ಎಲ್ಲ ಕಡೆಯೂ ತೆಳ್ಳಗಾಯಿತು.

ಆ ಮಳೆಗಾಲ ಎಂಟೂ ಬಿಡಾರಗಳು ಸೋರಿದವು. ಯಾರೂ ಬಿಟ್ಟು ಹೋಗಲಿಲ್ಲ.