ವ್ಯಾನಿಟಿ ಬ್ಯಾಗು ಕೂತ ಸೀಟು

ನಾನು ಥಿಯೇಟರಿನಲ್ಲಿ ನೋಡುವ ಮೊದಲ ಸಿನಿಮಾ ಕನ್ನಡದ್ದೇ ಆಗಿರಬೇಕು ಎಂದು ಪಪ್ಪ ಹಟ ಹಿಡಿದಿದ್ದರು. ಹಟ ಹಿಡಿಯುವವರಿಗೇನು, ಹಿಡಿದರಾಯಿತು. ಅನುಭವಿಸುವವಳು ನಾನು. ನಾವಿದ್ದದ್ದು ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಒಂದು ಫ್ಲ್ಯಾಟಿನಲ್ಲಿ. ನಮ್ಮ ಹತ್ತಿರದ ಮಾಲ್‌ಗೆ ಇಂಗ್ಲಿಷ್ ಸಿನಿಮಾ ಬರುತ್ತಿತ್ತು, ಹಿಂದಿ ಬರುತ್ತಿತ್ತು, ಮಲಯಾಳಂ ಅಂತೂ ವಾರ ವಾರ ಬರುತ್ತಿತ್ತು. ಬಾರದೆ ಇದ್ದದ್ದು ಕನ್ನಡ ಒಂದೇ.

ಆಗ ಅಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ. ಭಾನುವಾರ ಬೆಳಿಗ್ಗೆ ಶಾಲೆ ಶುರುವಾದ ಕೂಡಲೇ ಕ್ಲಾಸಿನ ಹುಡುಗಿಯರು ರಜೆಯಲ್ಲಿ ನೋಡಿದ ಸಿನಿಮಾದ ಕತೆ ತೆಗೆಯುತ್ತಿದ್ದರು. ನಾನು ಟೀವಿಯಲ್ಲಿ ನೋಡಿದ್ದನ್ನೇ ಥಿಯೇಟರಿನಲ್ಲಿ ನೋಡಿದ ಹಾಗೆ ಹೇಳಲು ಹೋಗಿ, ನಡುವೆ ಸೋಪಿನ ಜಾಹೀರಾತು ಬಂದದ್ದನ್ನೂ ಬಾಯಿ ತಪ್ಪಿ ಹೇಳಿ ಸಿಕ್ಕಿಬಿದ್ದೆ. ಮನೆಗೆ ಬಂದು ಅತ್ತರೆ ಪಪ್ಪ, "ಸ್ವಲ್ಪ ತಡಿ ಮಾರಾಯ್ತಿ, ನಮ್ಮ ಭಾಷೆಯ ಪಿಕ್ಚರ್ ಬರ್ತದೆ" ಎನ್ನುತ್ತಿದ್ದರು. ನಾನು ನಾಲ್ಕನೇ ಕ್ಲಾಸಿಗೆ ಬಂದರೂ ನಮ್ಮ ಭಾಷೆಯ ಪಿಕ್ಚರ್ ದಾರಿಯಲ್ಲೇ ಇತ್ತು.

ಪಪ್ಪ ಒಂದು ಹೋಟೆಲಿನ ಪರ್ಚೇಸ್ ವಿಭಾಗದಲ್ಲಿದ್ದರು. ಅದು ಸಂಬಳದ ಕೆಲಸ. ಉಳಿದ ಹೊತ್ತೆಲ್ಲ ಅವರು ಸಂಘಕ್ಕೆ ಸೇರಿದವರು. ಊರಿನವರು ಕೂಡಿ ಕಟ್ಟಿಕೊಂಡಿದ್ದ ಆ ಸಂಘದಲ್ಲಿ ಅವರು ಅಧ್ಯಕ್ಷರಲ್ಲ, ಕಾರ್ಯದರ್ಶಿಯಲ್ಲ, ಸಮಿತಿಯ ಫೋಟೋದಲ್ಲಿಯೂ ಅವರಿಲ್ಲ. ಏಕೆಂದರೆ ಆ ಫೋಟೋ ತೆಗೆದವರು ಅವರು. ಕುರ್ಚಿ ಜೋಡಿಸುವುದು, ಮೈಕ್ ಕೈಕೊಟ್ಟರೆ ಓಡುವುದು, ಅತಿಥಿಗಳ ಕಾರಿಗೆ ಪಾರ್ಕಿಂಗ್ ಹುಡುಕುವುದು, ಊಟಕ್ಕೆ ಉಪ್ಪಿನಕಾಯಿ ಬಂತೇ ಎಂದು ನೋಡುವುದು, ಎಲ್ಲ ಪಪ್ಪ. ಯಾವ ಕಾರ್ಯಕ್ರಮಕ್ಕೆ ಹೋದರೂ ಅಮ್ಮನನ್ನೂ ನನ್ನನ್ನೂ ಒಂದು ಕಡೆ ಕೂರಿಸಿ, "ನೀವು ಕೂತ್ಕೊಳ್ಳಿ, ನಾನು ಈಗ ಬಂದೆ" ಎಂದು ಹೇಳಿ ಹೋಗುತ್ತಿದ್ದರು. ಅಮ್ಮ ಪಕ್ಕದ ಕುರ್ಚಿಯ ಮೇಲೆ ವ್ಯಾನಿಟಿ ಬ್ಯಾಗು ಇಟ್ಟು ಜಾಗ ಹಿಡಿಯುತ್ತಿದ್ದಳು. ಕಾರ್ಯಕ್ರಮ ಮುಗಿಯುವವರೆಗೂ ಅಲ್ಲಿ ಕೂತಿರುತ್ತಿದ್ದದ್ದು ಆ ಬ್ಯಾಗು.

ಹೀಗಿರುವಾಗ ಒಂದು ದಿನ ಪಪ್ಪ ಕುಣಿಯುತ್ತಾ ಮನೆಗೆ ಬಂದರು. ಸಂಘದವರು ಊರಿನಿಂದ ಒಂದು ಕನ್ನಡ ಸಿನಿಮಾ ತರಿಸುತ್ತಿದ್ದಾರೆ, ದುಬೈಯ ಅಲ್ ನಹ್ದಾದ ಹತ್ತಿರ ಒಂದು ಹಾಲ್ ಬಾಡಿಗೆಗೆ ಸಿಕ್ಕಿದೆ, ಶುಕ್ರವಾರ ಬೆಳಿಗ್ಗೆ ಒಂದೇ ಒಂದು ಶೋ. ಆಗೆಲ್ಲ ಹಾಗೆಯೇ. ಹಾಲ್ ಖಾಲಿ ಇರುವ ಹೊತ್ತಿನಲ್ಲಿ ನಮ್ಮವರು ಅದನ್ನು ಬಾಡಿಗೆಗೆ ಹಿಡಿದು, ಫೋನಿನಲ್ಲೇ ಟಿಕೆಟ್ ಮಾರಿ, ಮಧ್ಯಾಹ್ನದ ಶೋಗೆ ಮೊದಲು ಬಿಟ್ಟುಕೊಡಬೇಕಿತ್ತು.

"ನಾವು ಮೂವರು. ನೀನು ನಡುವೆ. ದೊಡ್ಡ ಪಾಪ್‌ಕಾರ್ನ್" ಎಂದರು ಪಪ್ಪ.

"ಯು ವಿಲ್ ಸಿಟ್?" ಎಂದು ಕೇಳಿದೆ.

"ಕೂತ್ಕೊಳ್ಳದೆ ಎಂತ, ನಿಂತ್ಕೊಂಡು ನೋಡ್ಲಿಕ್ಕುಂಟಾ? ಪ್ರಾಮಿಸ್."

ನಿಜ ಹೇಳಬೇಕೆಂದರೆ ಸಿನಿಮಾಕ್ಕಿಂತ ನನಗೆ ಆ ಪ್ರಾಮಿಸ್ಸೇ ದೊಡ್ಡದಾಗಿತ್ತು. ಥಿಯೇಟರಿನಲ್ಲಿ ಕುರ್ಚಿ ಜೋಡಿಸುವ ಕೆಲಸವಿಲ್ಲ, ಅವು ನೆಲಕ್ಕೇ ಕಚ್ಚಿಕೊಂಡಿರುತ್ತವೆ. ಮೈಕ್ ಇಲ್ಲ. ಕತ್ತಲೆ. ಪಪ್ಪನಿಗೆ ಕೂರದೆ ಬೇರೆ ದಾರಿಯೇ ಇಲ್ಲ ಎಂದು ನಾನು ಲೆಕ್ಕ ಹಾಕಿದ್ದೆ. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದ ಅಮ್ಮ ಶುಕ್ರವಾರದ ಡ್ಯೂಟಿಯನ್ನು ಯಾರದೋ ಕೈಕಾಲು ಹಿಡಿದು ಬದಲಾಯಿಸಿಕೊಂಡಳು. ಮದುವೆಯಾಗಿ ಅಲ್ಲಿಗೆ ಬಂದ ಮೇಲೆ ಅವಳಿಗೂ ಅದೇ ಮೊದಲ ಸಿನಿಮಾ.

ಶುಕ್ರವಾರ ಬೆಳಿಗ್ಗೆ ಕಾರಿನ ಬಾಗಿಲು ತೆಗೆದರೆ ಹಿಂದಿನ ಸೀಟಿನಲ್ಲಿ ನನಗೆ ಜಾಗವಿಲ್ಲ. ಗಂಧದ ಹಾರಗಳ ಡಬ್ಬ, ಶಾಲುಗಳ ಕಟ್ಟು, ಮೈಸೂರು ಪೇಟಗಳ ಚೀಲ, ಸ್ಮರಣಿಕೆಗಳ ಪೆಟ್ಟಿಗೆ. ಹಣ್ಣಿನ ಬುಟ್ಟಿಯೊಂದನ್ನು ಪಪ್ಪ ನನ್ನ ತೊಡೆಯ ಮೇಲೇ ಇಟ್ಟರು.

"ಸಿನಿಮಾಕ್ಕೆ ಇದೆಲ್ಲ ಎಂತಕ್ಕೆ?" ಎಂದಳು ಅಮ್ಮ.

"ಸಣ್ಣ ಸಭಾ ಕಾರ್ಯಕ್ರಮ. ಐದು ನಿಮಿಷ."

ಅಮ್ಮ ಕಿಟಕಿಯ ಕಡೆಗೆ ಮುಖ ತಿರುಗಿಸಿದಳು. ಅಬುಧಾಬಿಯಿಂದ ದುಬೈವರೆಗೂ ನಾನು ಬೇರೆಯವರ ಸೇಬು, ದಾಳಿಂಬೆಗಳಿಗೆ ಕಾವಲು ಕೂತೆ. ಬುಟ್ಟಿಗೆ ಸುತ್ತಿದ್ದ ಪ್ಲಾಸ್ಟಿಕ್ ಕಾಗದ ದಾರಿಯುದ್ದಕ್ಕೂ ಕೈಗೆ ಚುಚ್ಚುತ್ತಿತ್ತು.

ಹಾಲ್‌ಗೆ ಹೋದರೆ ಪರದೆಯ ಮುಂದೆ ಬ್ಯಾನರ್, ಅದರ ಮುಂದೆ ದೀಪ. ಥಿಯೇಟರಿನಲ್ಲಿ ಬೆಂಕಿ ಹಚ್ಚಲು ಬಿಡುವುದಿಲ್ಲವೆಂದು ಬ್ಯಾಟರಿಯ ದೀಪ ತಂದಿದ್ದರು. ಉದ್ಘಾಟನೆಗೆ ಬಂದ ಗಣ್ಯರು ಒಬ್ಬೊಬ್ಬರಾಗಿ ಅದರ ಸ್ವಿಚ್ಚು ಒತ್ತಬೇಕು. ಮೊದಲನೆಯವರು ಒತ್ತಿದಾಗ ಹೊತ್ತಿತು. ಎರಡನೆಯವರು ಒತ್ತಿದಾಗ ಆರಿತು. ಪಪ್ಪ ಬಗ್ಗಿಕೊಂಡು ಓಡಿಹೋಗಿ ಮತ್ತೆ ಹೊತ್ತಿಸಿದರು. ಇನ್ನೊಬ್ಬರು ಬಂದು ಮತ್ತೆ ಆರಿಸಿದರು. ಸಭೆ ಪ್ರತಿ ಸಲವೂ ಭಕ್ತಿಯಿಂದ ಚಪ್ಪಾಳೆ ತಟ್ಟಿತು.

ನಾನು ನಡುವೆ ಕೂತಿದ್ದೆ. ಈಚೆಗೆ ಅಮ್ಮ, ಆಚೆಗೆ ಅಮ್ಮನ ವ್ಯಾನಿಟಿ ಬ್ಯಾಗು. ಪ್ರಾರ್ಥನೆ ಆಯಿತು, ಸ್ವಾಗತ ಆಯಿತು, ಕನ್ನಡ ಉಳಿಸುವ ಬಗ್ಗೆ ಮಾತು ಆಯಿತು. ಅಷ್ಟಾದ ಮೇಲೆ, ಮುಖ್ಯ ಅತಿಥಿಗಳು ಇನ್ನೂ ದಾರಿಯಲ್ಲಿದ್ದಾರೆ, ಅವರು ಬಂದ ಮೇಲೆ ಸನ್ಮಾನ, ಅಲ್ಲಿಯವರೆಗೆ ಚಿತ್ರ ಪ್ರದರ್ಶನ ಎಂದು ಅಧ್ಯಕ್ಷರು ಘೋಷಿಸಿದರು. ಸಿನಿಮಾಕ್ಕೆಂದು ಬಂದವರಿಗೆ ಸಿನಿಮಾವನ್ನು ಹೊತ್ತು ಕಳೆಯಲಿಕ್ಕೆ ತೋರಿಸಿದರು.

ದೀಪಗಳು ಆರಿದವು. ಎಷ್ಟೇ ಸಿಟ್ಟಿದ್ದರೂ ಆ ಗಳಿಗೆಯ ಬಗ್ಗೆ ನಾನು ಸುಳ್ಳು ಹೇಳಲಾರೆ. ಗೋಡೆಯಷ್ಟು ದೊಡ್ಡದಾಗಿ ಒಂದು ಮುಖ ಬಂದು ಕನ್ನಡದಲ್ಲಿ ಮಾತಾಡಿತು. ಅಲ್ಲಿಯವರೆಗೆ ಕನ್ನಡ ಎಂದರೆ ನನಗೆ ನಮ್ಮ ಅಡುಗೆಮನೆಯಲ್ಲಿ, ಊರಿನ ಫೋನಿನಲ್ಲಿ ಇರುವ ಭಾಷೆ. ಅದು ಅಷ್ಟು ದೊಡ್ಡ ದನಿಯಲ್ಲಿ ಬರಬಹುದು ಎಂದು ನನಗೆ ಗೊತ್ತೇ ಇರಲಿಲ್ಲ. ನಾನು ಖುಷಿಯಿಂದ ಪಕ್ಕಕ್ಕೆ ತಿರುಗಿದೆ. ಬ್ಯಾಗು ಇತ್ತು.

ಪಪ್ಪ ಬಾಗಿಲಲ್ಲಿದ್ದರು. ತಡವಾಗಿ ಬಂದವರನ್ನು ಮೊಬೈಲಿನ ಟಾರ್ಚ್ ಹಿಡಿದು ಸೀಟಿಗೆ ಕರೆದುಕೊಂಡು ಹೋಗುತ್ತಿದ್ದರು. ಒಮ್ಮೆ ನಮ್ಮ ಸಾಲಿಗೆ ಬಂದು ಬಗ್ಗಿ ಕೇಳಿದರು, "ಸೌಂಡ್ ಸರಿ ಕೇಳ್ತಾ ಉಂಟಾ?"

"ಕೂತ್ಕೊಳ್ಳಿ ನೀವು" ಎಂದಳು ಅಮ್ಮ.

"ಈಗ ಬಂದೆ."

ಕತೆ ಒಬ್ಬ ಅಣ್ಣ ಮತ್ತು ತಂಗಿಯದು. ಜಗಳವಾಡಿ ಮನೆ ಬಿಟ್ಟು ಹೋದ ಅಣ್ಣನನ್ನು ತಂಗಿ ಹುಡುಕುತ್ತಾ ಹೋಗುತ್ತಾಳೆ. ಅಮ್ಮ ಕಣ್ಣು ಒರೆಸಿಕೊಳ್ಳುತ್ತಿದ್ದಳು. ನಾನು ನನಗಿಲ್ಲದ ಅಣ್ಣನಿಗಾಗಿ ಅಳುತ್ತಿದ್ದೆ. ಕೊನೆಗೆ ಒಂದು ಬಂದರಿನಲ್ಲಿ, ಮೀನಿನ ಬುಟ್ಟಿಗಳ ನಡುವೆ, ತಂಗಿಗೆ ಅಣ್ಣನ ಬೆನ್ನು ಕಾಣುತ್ತದೆ. ಅವಳು ಕೂಗುತ್ತಾಳೆ. ಅವನು ನಿಲ್ಲುತ್ತಾನೆ. ಇನ್ನೇನು ತಿರುಗಬೇಕು.

ಹಾಲ್‌ನ ದೀಪಗಳೆಲ್ಲ ಹೊತ್ತಿಕೊಂಡವು. ಅಣ್ಣನ ಬೆನ್ನು ಪರದೆಯ ಮೇಲೆ ಹಾಗೇ ನಿಂತಿತು.

ಮುಖ್ಯ ಅತಿಥಿಗಳು ಬಂದಿದ್ದರು. ಅವರಿಗೆ ಶಾರ್ಜಾದಲ್ಲಿ ಇನ್ನೊಂದು ಕಾರ್ಯಕ್ರಮವಿದ್ದುದರಿಂದ ಸನ್ಮಾನ ಈಗಲೇ ಆಗಬೇಕಿತ್ತು. ಬೇರೆ ಯಾವ ಭಾಷೆಯವರಾದರೂ ಅವರನ್ನು ಒಂದು ಸೀಟಿನಲ್ಲಿ ಕೂರಿಸಿ ಸಿನಿಮಾ ಮುಗಿಸುತ್ತಿದ್ದರು. ನಮ್ಮವರಿಗೆ ಅದು ಹೊಳೆಯಲಿಲ್ಲ. ಪೇಟ ತೊಡಿಸಿದರು. ಶಾಲು ಹೊದೆಸಿದರು. ಹಾರ ಹಾಕಿದರು. ಫೋಟೋ ಸರಿ ಬರಲಿಲ್ಲವೆಂದು ಹಾರ ತೆಗೆದು ಇನ್ನೊಮ್ಮೆ ಹಾಕಿದರು. ನಾನು ತೊಡೆಯ ಮೇಲೆ ಹೊತ್ತು ತಂದ ಬುಟ್ಟಿಯನ್ನು ಅವರ ಕೈಗೆ ಕೊಟ್ಟರು. ಆಮೇಲೆ ಪ್ರಾಯೋಜಕರಿಗೆ, ಪ್ರಾಯೋಜಕರ ಪತ್ನಿಯರಿಗೆ, ಬೇರೆ ಸಂಘಗಳ ಅಧ್ಯಕ್ಷರಿಗೆ ಶಾಲು. ಮುಖ್ಯ ಅತಿಥಿಗಳು ಎರಡೇ ಮಾತು ಹೇಳುತ್ತೇನೆಂದು ಮೈಕ್ ತೆಗೆದುಕೊಂಡವರು ತಮ್ಮ ಬಾಲ್ಯದಿಂದ ಶುರುಮಾಡಿದರು.

ಅಷ್ಟು ಹೊತ್ತೂ ಶಾಲುಗಳ ಹರಿವಾಣ ಹಿಡಿದುಕೊಂಡು ಅಲ್ಲಿ ನಿಂತಿದ್ದವರು ಪಪ್ಪ. ಅವರ ಹಿಂದೆ ಪರದೆಯ ಮೇಲೆ ಆ ಅಣ್ಣನ ಬೆನ್ನು. ನನ್ನನ್ನು ನೋಡಿ ಹುಬ್ಬು ಎತ್ತಿ, ಈಗ ಬಂದೆ ಎಂಬಂತೆ ತಲೆಯಾಡಿಸಿದರು. ನನಗೆ ಬಂದ ಸಿಟ್ಟಿಗೆ ಪಕ್ಕದ ಬ್ಯಾಗನ್ನು ನೆಲಕ್ಕೆ ತಳ್ಳಿದೆ. ಅಮ್ಮ ಬೈಯಲಿಲ್ಲ. ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.

ಥಿಯೇಟರಿನ ಮ್ಯಾನೇಜರ್ ಬಂದು ಕೈಗಡಿಯಾರ ತೋರಿಸಿದ. ಅಧ್ಯಕ್ಷರು, "ಫೈವ್ ಮಿನಿಟ್ಸ್" ಎಂದರು. ಅವನು ಹೋಗಿ ಮತ್ತೆ ಬಂದ. ಹೊರಗೆ ಮುಂದಿನ ಶೋನವರು ಸೇರಿದ್ದರು. ಕೊನೆಗೆ ಅವನು, "ಖಲಾಸ್, ಸರ್. ಖಲಾಸ್" ಎಂದ. ಅಧ್ಯಕ್ಷರು ಮೈಕಿನಲ್ಲಿ, ಸಮಯದ ಅಭಾವದಿಂದ ಚಿತ್ರವನ್ನು ಇಲ್ಲಿಗೇ ನಿಲ್ಲಿಸುತ್ತಿದ್ದೇವೆ, ಚಿತ್ರದ ಅಂತ್ಯ ಸುಖಾಂತ್ಯವೇ ಎಂದು ತಿಳಿದುಬಂದಿದೆ, ಎಲ್ಲರೂ ಲಘು ಉಪಾಹಾರ ಸ್ವೀಕರಿಸಿಯೇ ಹೋಗಬೇಕು ಎಂದರು. ಜನ ಅದಕ್ಕೂ ಚಪ್ಪಾಳೆ ತಟ್ಟಿದರು. ನನಗೆ ಈಗ ನೆನೆಸಿಕೊಂಡರೂ ಮೈ ಉರಿಯುತ್ತದೆ.

ಹಿಂದಿರುಗುವಾಗ ಕಾರಿನಲ್ಲಿ ಅಮ್ಮ ಕಿಟಕಿಯ ಕಡೆಗೇ ತಿರುಗಿ ಕೂತಳು. ಪಪ್ಪ ಇರಿಸುಮುರಿಸಿನಿಂದ ಎಸಿ ಹೆಚ್ಚು ಮಾಡಿದರು, ಕಡಿಮೆ ಮಾಡಿದರು.

"ಎಂಡಿಂಗ್ ತಾನೇ? ನಾನು ನೋಡಿದ್ದೇನೆ" ಎಂದರು ಕೊನೆಗೆ. "ನಿನ್ನೆ ಡ್ಯೂಟಿ ಮುಗ್ಸಿ ಟ್ರಯಲ್‌ಗೆ ಬಂದಿದ್ದೆ ಅಲ್ಲ. ಪಿಕ್ಚರ್ ಪೂರ್ತಿ ಬಂದಿದೆಯಾ ಅಂತ ಕೊನೆಯದ್ದನ್ನೇ ಹಾಕಿ ನೋಡಿದ್ದು."

ನಾನು ಎರಡು ಸೀಟುಗಳ ನಡುವೆ ತಲೆ ತೂರಿಸಿದೆ. ಅಮ್ಮನೂ ಕಿಟಕಿಯಿಂದ ಈಚೆಗೆ ತಿರುಗಿದಳು.

"ಅಣ್ಣ ತಿರುಗಿ ನೋಡಿದ್ನಾ ಪಪ್ಪಾ?"

"ಸೌಂಡ್ ಫಸ್ಟ್ ಕ್ಲಾಸ್ ಇತ್ತು. ಎಡಗಡೆ ಸ್ಪೀಕರ್‌ನಲ್ಲಿ ಮಾತ್ರ ಸ್ವಲ್ಪ ಗೊರಗೊರ."

"ಅಣ್ಣ?"

ಪಪ್ಪ ಎಸಿಯ ಗುಂಡಿಯನ್ನು ಮತ್ತೆ ತಿರುಗಿಸಿದರು. "ನಾನು ಆಗ ಹಿಂದಿನ ಸೀಟುಗಳಿಗೆ ನಂಬರ್ ಚೀಟಿ ಅಂಟಿಸ್ತಾ ಇದ್ದೆ ಮಗಾ. ತಿರುಗಿರ್ಬೇಕು. ಯಾರೋ ಅಳುವ ಶಬ್ದ ಬಂತು."

"ಪರದೆಗೆ ಬೆನ್ನು ಹಾಕಿ ಸಿನಿಮಾ ನೋಡಿದ ಮನುಷ್ಯ" ಎಂದಳು ಅಮ್ಮ. ಮನೆ ಮುಟ್ಟುವವರೆಗೆ ಅವಳು ಆಡಿದ್ದು ಅದೊಂದೇ ಮಾತು. ಆ ಅಣ್ಣ ತಿರುಗಿದನೋ ಇಲ್ಲವೋ ನನಗೆ ಈಗಲೂ ಗೊತ್ತಿಲ್ಲ. ಆ ಸಿನಿಮಾ ಆಮೇಲೆ ಎಲ್ಲಿಯೂ ಕಣ್ಣಿಗೆ ಬೀಳಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ನಾನು ತಟ್ಟೆ ನೋಡುತ್ತಲೇ ಹೇಳಿದೆ, "ಐ ಡೋಂಟ್ ಕೇರ್ ಅಬೌಟ್ ದಿ ಎಂಡಿಂಗ್. ಯು ಡಿಡ್‌ನ್ಟ್ ಸಿಟ್." ಅಷ್ಟರಲ್ಲಿ ಪಪ್ಪನಿಗೆ ಫೋನ್ ಬಂತು. ಉಳಿದ ಶಾಲುಗಳನ್ನು ಎಲ್ಲಿಡುವುದು ಎಂದು ಅಧ್ಯಕ್ಷರು ಕೇಳುತ್ತಿದ್ದರು. ಪಪ್ಪ ಫೋನು ಹಿಡಿದು ಎದ್ದು ಹೋದರು. ಅನ್ನ ಅರ್ಧಕ್ಕೇ ಉಳಿಯಿತು.

ಅಮ್ಮ ಮಾತಿನಲ್ಲಿ ಜಗಳ ಮಾಡುವವಳಲ್ಲ. ಮುಂದಿನ ಶುಕ್ರವಾರ ಸಂಜೆ ನಮ್ಮ ಮನೆಯ ಹತ್ತಿರದ ಮಾಲ್‌ಗೆ ಮೂರು ಟಿಕೆಟ್ ತಾನೇ ತಂದಳು. ಇಂಗ್ಲಿಷಿನ ಕಾರ್ಟೂನ್ ಸಿನಿಮಾ. ಪಪ್ಪನ ಹಟದ ಬಗ್ಗೆ ಯಾರೂ ಮಾತೆತ್ತಲಿಲ್ಲ. ಬಾಗಿಲಲ್ಲಿ ಅಮ್ಮ ಕೈ ಚಾಚಿದಳು. ಪಪ್ಪ ಫೋನನ್ನು ಕೊಟ್ಟರು. ಅದು ವ್ಯಾನಿಟಿ ಬ್ಯಾಗಿನೊಳಗೆ ಹೋಯಿತು. ಈ ಸಲ ನಡುವೆ ಕೂತದ್ದು ನಾನಲ್ಲ. ಅಮ್ಮ ಪಪ್ಪನನ್ನು ನಡುವೆ ಕೂರಿಸಿ, ತಾನು ದಾರಿಯ ಬದಿಯ ಸೀಟಿನಲ್ಲಿ ಕೂತು, ಬ್ಯಾಗನ್ನು ತೊಡೆಯ ಮೇಲೆ ಭದ್ರವಾಗಿ ಇಟ್ಟುಕೊಂಡಳು. ಒಳಗೆ ಫೋನು ಆಗಾಗ ಗುರುಗುಟ್ಟುತ್ತಿತ್ತು.

ದೀಪ ಆರಿದ ಮೇಲೆ ಒಂದು ಸಂಸಾರ ಮಕ್ಕಳನ್ನು ಎತ್ತಿಕೊಂಡು ಸೀಟು ಹುಡುಕುತ್ತಾ ಬಂತು. ಕತ್ತಲೆಯಲ್ಲಿ ತಡಕಾಡುತ್ತಿದ್ದರು. ಪಪ್ಪ ಅರ್ಧ ಎದ್ದೇಬಿಟ್ಟರು. ಅಮ್ಮ ಪರದೆಯಿಂದ ಕಣ್ಣು ತೆಗೆಯದೆ ಅವರ ಅಂಗಿಯ ತೋಳು ಹಿಡಿದಳು. ನಾನು ಈಚೆಯ ತೋಳು ಹಿಡಿದೆ. ಪಪ್ಪ ಕೂತರು. ಆ ಸಂಸಾರಕ್ಕೆ ಸೀಟು ತಾನಾಗಿಯೇ ಸಿಕ್ಕಿತು.

ನಾನು ತೋಳು ಬಿಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಪಪ್ಪ ನನ್ನ ಕಿವಿಯ ಹತ್ತಿರ ಬಗ್ಗಿದರು.

"ಪಾಪ್‌ಕಾರ್ನ್ ತರ್ಲಿಕ್ಕೆ ಮರೆತೇ ಹೋಯ್ತಲ್ಲ. ಈಗ ಬಂದೆ."

"ಬೇಡ" ಎಂದೆವು ಅಮ್ಮನೂ ನಾನೂ ಒಟ್ಟಿಗೇ. "ಕೂತ್ಕೊಳ್ಳಿ."