ಲಾರಿಯಲ್ಲಿ ಬಂದ ಮನೆ, ಅಣ್ಣ ಕಟ್ಟಿದ ಬಚ್ಚಲು

ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವ ಆಕೆಯನ್ನು ಊರಿನ ಅರ್ಧ ಜನ ಬ್ರೇಕ್ ಮೇಡಂ ಎಂದೇ ಕರೆಯುತ್ತಿದ್ದರು. ಕಲಿಯುವವರ ಪಕ್ಕದ ಸೀಟಿನಲ್ಲಿ ಅವಳು, ಅವಳ ಕಾಲಡಿ ಇನ್ನೊಂದು ಬ್ರೇಕು. ಯಾರಾದರೂ ಗಾಬರಿಯಲ್ಲಿ ಲೈಟು ಕಂಬದ ಕಡೆ ಸ್ಟೇರಿಂಗ್ ತಿರುಗಿಸಿದರೆ ಮಾತಿಲ್ಲದೆ ಒತ್ತಿಬಿಡುತ್ತಿದ್ದಳು. ಮಾತು ಆಮೇಲೆ ಶುರುವಾಗುತ್ತಿತ್ತು, ಬೇಗ ಮುಗಿಯುತ್ತಿರಲಿಲ್ಲ. ತಡವಾಗಿ ಬಂದವರಿಗೆ ಅವಳಲ್ಲಿ ಪಾಠವಿಲ್ಲ. ಹೇಳಿದ ಹೊತ್ತು ಎಂದರೆ ಹೇಳಿದ ಹೊತ್ತು. ಅಂಥವಳ ಮನೆ ಕಟ್ಟುವ ಕೆಲಸ ಹೋಗಿ ಬಿದ್ದದ್ದು ಅವಳ ಅಣ್ಣನ ಕೈಗೆ.

ಅಣ್ಣ ಗಾರೆ ಮೇಸ್ತ್ರಿ. ಕೆಲಸದಲ್ಲಿ ಎತ್ತಿದ ಕೈ. ಅವನು ಎಬ್ಬಿಸಿದ ಗೋಡೆಗೆ ಹೆಸರಿಡುವವರು ಯಾರೂ ಇರಲಿಲ್ಲ. ಆದರೆ ಯಾರು ಕರೆದರೂ ಇಲ್ಲ ಎನ್ನಲು ಅವನಿಗೆ ನಾಲಿಗೆ ಬಾರದು. ಊರಿನ ನಾಲ್ಕು ಮೂಲೆಗಳಲ್ಲಿ ಅವನು ಶುರುಮಾಡಿ ಬಿಟ್ಟ ಗೋಡೆಗಳು ನಿಂತಿರುತ್ತಿದ್ದವು. ಜೋರಾಗಿ ಬೈಯುವವರ ಗೋಡೆ ಬೇಗ ಏಳುತ್ತಿತ್ತು. ತಂಗಿಯದು ಕೊನೆಗೆ. ತಂಗಿ ಎಲ್ಲಿ ಓಡಿಹೋಗುತ್ತಾಳೆ?

ಹಳೆಯ ಮನೆಯ ತೊಲೆಗಳನ್ನು ಗೆದ್ದಲು ತಿಂದು ಅಡುಗೆಮನೆಯ ಸೂರು ಕುಸಿದಾಗ, ಗಾಬರಿಯಿಂದ ಹೊರಗೆ ಬರಹೋದ ಅಮ್ಮ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಆಪರೇಷನ್ ಆಯಿತು. ಆಮೇಲೆ ನಡೆಯುವುದೇನಿದ್ದರೂ ವಾಕರ್ ಹಿಡಿದೇ. ಮನೆ ಕೆಡವಿ ತಾಯಿ ಮಗಳು ಬಾಡಿಗೆಗೆ ಹಿಡಿದದ್ದು ಬೇಕರಿಯೊಂದರ ಮೇಲಿನ ಎರಡು ಕೋಣೆ. ಕೆಳಗೆ ಎಲ್ಲಿಯೂ ಸಿಕ್ಕಿರಲಿಲ್ಲ. ಇಕ್ಕಟ್ಟಾದ ಮೆಟ್ಟಿಲು; ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ಇಬ್ಬರು ಹೊತ್ತು ಹತ್ತಿಸಿದ್ದರು. ಹತ್ತಿದವಳು ಮತ್ತೆ ಇಳಿಯಲಿಲ್ಲ. ಕಿಟಕಿಯ ಬಳಿ ಕೂತು, ಕೆಳಗೆ ಬ್ರೆಡ್ಡು ಕೊಳ್ಳಲು ಬಂದವರ ನೆತ್ತಿ ನೋಡುತ್ತಾ ದಿನ ಕಳೆಯುತ್ತಿದ್ದಳು.

"ಈ ಊರಲ್ಲಿ ಇಷ್ಟು ಜನ ಬೋಳುತಲೆಯವರಿದ್ದಾರೆ ಅಂತ ನಂಗೆ ಗೊತ್ತೇ ಇರಲಿಲ್ಲ ಕಣೇ," ಎನ್ನುತ್ತಿದ್ದಳು.

ಮಗಳಿಗೆ ನಗು ಬರುತ್ತಿರಲಿಲ್ಲ. ಅಣ್ಣ ತಳಪಾಯ ಹಾಕಿ, ಅದಕ್ಕೆ ನೀರು ಹಾಯಿಸಿ, "ಚೆನ್ನಾಗಿ ಸೆಟ್ ಆಗ್ಲಿ," ಎಂದು ಹೋದವನು ಮರಳಿ ಬಂದಿರಲಿಲ್ಲ. ಸೆಟ್ ಆದದ್ದು ಸಾಕಾಗಿ ಅದರ ಮೇಲೆ ಹುಲ್ಲು ಬೆಳೆಯಿತು. ಫೋನು ಮಾಡಿದರೆ, "ಬಂದೇಬಿಟ್ಟೆ," ಎನ್ನುತ್ತಿದ್ದ. ಹಿಂದಿನಿಂದ ಇನ್ಯಾರದೋ ಮನೆಯ ಕಾಂಕ್ರೀಟು ಕಲಸುವ ಯಂತ್ರದ ಸದ್ದು ಕೇಳುತ್ತಿತ್ತು.

"ಎಲ್ಲಿಗೆ ಬಂದೆ ಅಣ್ಣಾ? ಬಂದೆ ಬಂದೆ ಅಂತ ಒಂದು ಮಳೆಗಾಲ ಕಳೀತು!"

"ಕೋಪ ಮಾಡ್ಕೋಬೇಡಮ್ಮಾ. ನಿಂದು ಮಾಡದೆ ಇನ್ಯಾರದು ಮಾಡ್ಲಿ?"

ಇನ್ಯಾರದು ಎಂಬುದು ಊರಿಗೆಲ್ಲ ಗೊತ್ತಿತ್ತು.

ಒಂದು ದಿನ ಅವಳು ರಜೆ ಹಾಕಿ, ಊರಾಚೆ ಮನೆಗಳನ್ನು ತಯಾರಿಸುವ ಕಾರ್ಖಾನೆಗೆ ಹೋದಳು. ದೊಡ್ಡ ಶೆಡ್ಡು. ಒಳಗೆ ಸಾಲಾಗಿ ಮನೆಗಳು. ಒಂದಕ್ಕೆ ಗೋಡೆ ನಿಲ್ಲಿಸುತ್ತಿದ್ದರೆ ಇನ್ನೊಂದಕ್ಕೆ ಬಣ್ಣ. ಕಿಟಕಿಗೆ ಗಾಜು ಕೂತಾಗಿತ್ತು, ಅಡುಗೆಕಟ್ಟೆಗೆ ನಲ್ಲಿ ಬಂದಿತ್ತು, ಬಾಗಿಲ ಹಿಂದೆ ಬಟ್ಟೆ ನೇತುಹಾಕುವ ಕೊಕ್ಕೆ ಕೂಡ ಇತ್ತು. ಅವಳು ಸ್ವಿಚ್ ಒತ್ತಿದಳು, ದೀಪ ಹತ್ತಿತು. ಬಹಳ ದಿನಗಳ ಮೇಲೆ ಏನೋ ಒಂದು ತನ್ನ ಮಾತು ಕೇಳಿದ ಹಾಗಾಯಿತು. ಆದರೆ ಬಚ್ಚಲಿನ ಬಾಗಿಲು ಇಕ್ಕಟ್ಟು.

"ಇದರಲ್ಲಿ ನಮ್ಮಮ್ಮನ ವಾಕರ್ ಹೋಗಲ್ಲ," ಎಂದಳು.

"ಅಗಲ ಮಾಡಿಸೋಣ ಮೇಡಂ. ಅದೇನು ದೊಡ್ಡ ವಿಷಯ?" ಎಂದ ಮಾರಾಟದವನು. ಎಲ್ಲದಕ್ಕೂ ತಲೆಯಾಡಿಸುವ ನಗುಮುಖದ ಹುಡುಗ. ಅವನಲ್ಲಿ ಅಣ್ಣನ ಛಾಯೆ ಕಂಡಿದ್ದರೆ ಅವಳು ಅಲ್ಲೇ ಎಚ್ಚೆತ್ತುಕೊಳ್ಳುತ್ತಿದ್ದಳೋ ಏನೋ. ಒಪ್ಪಿ ಬಂದಳು.

ಸುದ್ದಿ ಕೇಳಿ ಅಣ್ಣ ಆ ದಿನವೇ ಮೆಟ್ಟಿಲು ಹತ್ತಿ ಬಂದ. ಅಷ್ಟು ದಿನ ಸಿಗದ ಪುರಸೊತ್ತು ಅವತ್ತು ಸಿಕ್ಕಿತ್ತು.

"ಡಬ್ಬಿ ತರಿಸ್ತಾಳಂತೆ ಡಬ್ಬಿ! ಅಮ್ಮಾ, ಒಂದು ಮೊಳೆ ಹೊಡೆಯೋಕೂ ಆ ಕಂಪನಿಯವರನ್ನ ಕೇಳ್ಬೇಕು, ಗೊತ್ತಾ? ನಾನು ಕಟ್ಟಿದ್ರೆ ನಿಂಗೆ ಬೇಕಾದಲ್ಲಿ ಗೂಡು, ಬೇಕಾದಷ್ಟು ಅಗಲ ಬಾಗಿಲು."

"ಕಟ್ಟಿದ್ರೆ!" ಎಂದಳು ತಂಗಿ. "ಆ 'ದ್ರೆ' ಒಳಗೇ ನಾವು ಇಷ್ಟು ದಿನ ಸಂಸಾರ ಮಾಡಿರೋದು."

ಅಣ್ಣ ಮುಖ ಊದಿಸಿಕೊಂಡು ಇಳಿದುಹೋದ. ಅಮ್ಮ ಇಬ್ಬರ ಪರವೂ ವಹಿಸಲಿಲ್ಲ. "ಯಾರಾದ್ರೂ ಕಟ್ಟಿ. ನನ್ನ ಕಾಲು ನೆಲಕ್ಕೆ ಹತ್ತಿದ್ರೆ ಸಾಕು," ಎಂದಳು.

ಕಾರ್ಖಾನೆಯವರು ಹೇಳಿದ ದಿನವೇ ಮನೆ ಬಂತು. ಎರಡು ಲಾರಿಗಳಲ್ಲಿ ಎರಡು ಹೋಳು, ಹಿಂದೆ ಕ್ರೇನು. ಓಣಿಯ ತಿರುವಿನಲ್ಲಿ ಮೊದಲ ಲಾರಿ ನಿಂತುಬಿಟ್ಟಿತು. ಡ್ರೈವರ್ ಕೆಳಗಿಳಿದು, "ಆಗಲ್ಲ ಮೇಡಂ, ವಾಪಸ್ ಹೋಗ್ತೀವಿ," ಎಂದು ಕೈಚೆಲ್ಲಿದ.

"ವಾಪಸ್? ಹತ್ತಿ ಮೇಲೆ!" ಎಂದಳು. ಬಾಗಿಲಿಗೆ ಅಂಟಿಕೊಂಡು ಫುಟ್‌ಬೋರ್ಡಿನ ಮೇಲೆ ನಿಂತು, "ಬಲಕ್ಕೆ ಪೂರ್ತಿ... ಸಾಕು. ನೇರ ಮಾಡಿ. ಇನ್ನು ನಿಧಾನಕ್ಕೆ ಹಿಂದೆ, ನಿಧಾನಕ್ಕೆ ಅಂದೆ!" ಎಂದು ಕಲಿಯುವವರಿಗೆ ಹೇಳುವಂತೆಯೇ ಗದರಿದಳು. ಲಾರಿ ಎದುರುಮನೆಯ ಗೇಟಿನ ಬಣ್ಣ ಸವರಿಕೊಂಡು ಒಳಗೆ ಬಂತು. ಗೇಟಿನವರ ಬೈಗುಳವನ್ನೂ ಅವಳೇ ನಿಂತು ಕೇಳಿಸಿಕೊಂಡಳು.

ಸಂಜೆಯಾಗುವುದರೊಳಗೆ ಅಣ್ಣನ ತಳಪಾಯದ ಮೇಲೆ ಮನೆ ಕೂತಿತ್ತು. ಒಂದು ಪಕ್ಕದಲ್ಲಿ ಒಂದಿಷ್ಟು ತಳಪಾಯ ಹೆಚ್ಚಾಗಿ ಉಳಿಯಿತು. ಅವಳು ಬೀಗದ ಕೈ ಇಸಿದುಕೊಂಡು ನೇರ ಬಚ್ಚಲಿಗೆ ನಡೆದಳು. ಬಾಗಿಲು ಅಷ್ಟೇ ಇಕ್ಕಟ್ಟು.

ಫೋನಿನಲ್ಲಿ ಮಾರಾಟದವನ ದನಿ ಬೆಣ್ಣೆಯಂತಿತ್ತು. "ಆ ಮಾಡೆಲ್‌ನಲ್ಲಿ ಎಲ್ಲಾ ಹಾಗೇ ಬರೋದು ಮೇಡಂ."

"ಅಗಲ ಮಾಡಿಸೋಣ ಅಂದಿದ್ದು ಯಾರು?"

"ಕೇಳಿ ನೋಡೋಣ ಅನ್ನೋ ಅರ್ಥದಲ್ಲಿ ಹೇಳಿದ್ದೆ."

"ಈಗ ನಾವೇ ಕತ್ತರಿಸಿದ್ರೆ?"

"ಅಯ್ಯೋ, ಮುಟ್ಟಬೇಡಿ! ಅಲ್ಲೇ ಉಕ್ಕಿನ ಕಂಬ ಇದೆ. ಗ್ಯಾರಂಟಿ ಹೋಗತ್ತೆ."

ಅವಳು ಅಲ್ಲೇ ಹೊಸ್ತಿಲ ಮೇಲೆ ಕೂತಳು. ಒಬ್ಬ ಏನು ಕೇಳಿದರೂ ಮಾಡಬಲ್ಲ, ಆದರೆ ಬರುವುದಿಲ್ಲ. ಇನ್ನೊಬ್ಬ ಹೇಳಿದ ಹೊತ್ತಿಗೆ ಬರುತ್ತಾನೆ, ಆದರೆ ಕೇಳಿದ್ದನ್ನು ತರುವುದಿಲ್ಲ. ಇಬ್ಬರನ್ನೂ ಒಂದೇ ಕಾರಿನಲ್ಲಿ ಕೂರಿಸಿ ಕೆರೆಗೆ ಇಳಿಸಬೇಕು ಅನ್ನಿಸಿತು.

ಆದರೂ ಅಮ್ಮನನ್ನು ಮತ್ತೆ ಕುರ್ಚಿಯಲ್ಲಿ ಹೊರಿಸಿ ಕೆಳಗಿಳಿಸಿ ಕರೆತಂದಳು. ಅಮ್ಮ ಇಡೀ ಮನೆ ಸುತ್ತಿ, ಬಚ್ಚಲ ಬಾಗಿಲಿಗೆ ವಾಕರ್ ತಾಗಿಸಿ ನಿಂತಳು. ಅಡ್ಡ ತಿರುಗಿಸಿ ನೋಡಿದಳು, ಎತ್ತಿ ನೋಡಿದಳು. ಆಮೇಲೆ ವಾಕರ್ ತಿರುಗಿಸಿಕೊಂಡು ಹೊರಟಳು. ಅಂದಿನಿಂದ ಮಗಳು ಅವಳನ್ನು ತಬ್ಬಿ ಹಿಡಿದು ಒಳಗೆ ದಾಟಿಸಬೇಕಾಯಿತು. ಒಬ್ಬರ ಮೊಣಕೈ ಇನ್ನೊಬ್ಬರಿಗೆ ತಿವಿಯುತ್ತಿತ್ತು.

ಅಣ್ಣನನ್ನು ಮತ್ತೆ ಕರೆಯದೆ ಬೇರೆ ದಾರಿ ಇರಲಿಲ್ಲ. ಅವನು ಬಂದ, ಬಾಗಿಲು ನೋಡಿದ. ಆಡಿಕೊಳ್ಳುವುದಕ್ಕೆ ಬಾಯಿ ತೆರೆದವನು ತಂಗಿಯ ಮುಖ ಕಂಡು ನುಂಗಿಕೊಂಡ. ಉಳಿದಿದ್ದ ತಳಪಾಯದ ಮೇಲೆ, ಮನೆಯ ಆ ಬದಿಗಿದ್ದ ಬಾಗಿಲಿಗೆ ಹೊಂದಿಸಿ, ಇಟ್ಟಿಗೆಯ ಬಚ್ಚಲು ಕಟ್ಟುತ್ತೇನೆಂದ. ಕಟ್ಟಿದ ಕೂಡ. ಗೋಡೆ ಎದೆಮಟ್ಟಕ್ಕೆ ಬಂದಾಗ, ಒಂದು ಸಂಜೆ, "ನಾಳೆ ಒಂದು ಸಣ್ಣ ಕೆಲಸ ಇದೆ, ಮುಗಿಸ್ಕೊಂಡು ಬಂದೇಬಿಡ್ತೀನಿ," ಎಂದು ಕೈ ತೊಳೆಯಲು ಹೋದ.

ತೊಳೆದು ಬರುವಷ್ಟರಲ್ಲಿ ಅವನ ಕರಣೆ, ತೂಕದ ಗುಂಡು, ರಸಮಟ್ಟ ಎಲ್ಲವೂ ಚೀಲದ ಸಮೇತ ತಂಗಿಯ ಕಪಾಟು ಸೇರಿದ್ದವು.

"ತಮಾಷೆ ಮಾಡ್ಬೇಡ. ಕೊಡಮ್ಮಾ."

"ಸೂರು ಬರ್ಲಿ, ಕೊಡ್ತೀನಿ."

"ಅದು ನನ್ನ ಅನ್ನ ಕಣೇ!"

"ಅಮ್ಮನ ಸೊಂಟ ಯಾರದು ಅಣ್ಣಾ? ಬೇಕರಿ ಮೇಲೆ ಕೂತು ಕಂಡೋರ ತಲೆ ಎಣಿಸ್ತಿದ್ದಳಲ್ಲ, ಒಂದು ದಿನ ಬಂದು ಅವಳನ್ನ ಕೆಳಗಿಳಿಸಿದ್ಯಾ?"

ಅವನ ಕಣ್ಣು ಕೆಂಪಾಯಿತು. ಕೂಗಾಡಿ ಹೊರಟ. ಮರುದಿನ ಅತ್ತಿಗೆ ಬಂದು ಬಾಗಿಲಲ್ಲೇ ನಿಂತು, "ಒಡಹುಟ್ಟಿದವನ ಸಾಮಾನು ಕಸ್ಕೊಳ್ಳೋದು ಯಾವ ಸೀಮೆ ನ್ಯಾಯ?" ಎಂದು ದಬಾಯಿಸಿದಳು. ಬ್ರೇಕ್ ಮೇಡಂ ಪೂರ್ತಿ ಕೇಳಿಸಿಕೊಂಡು, "ನೀವು ಹೇಳೋದು ಸರಿ ಅತ್ತಿಗೆ. ಆದ್ರೂ ಕೊಡಲ್ಲ," ಎಂದಳು. ತಾನು ಇಂಥ ಕೆಲಸಕ್ಕೆ ಇಳಿಯಬೇಕಾಯಿತಲ್ಲ ಎಂದು ಅವಳಿಗೇ ಅಸಹ್ಯವಾಗಿತ್ತು.

ಮೂರನೆಯ ದಿನ ಅಣ್ಣ ಬಂದ. ಬೆಳಗ್ಗೆ ಸಾಮಾನು ಇಸಿದುಕೊಂಡು ಸಂಜೆ ಒಪ್ಪಿಸುತ್ತಾ, ಸೂರು ಹಾಕಿ, ಅಗಲವಾದ ಬಾಗಿಲು ಕೂರಿಸಿ, ಅಮ್ಮ ಹಿಡಿದುಕೊಳ್ಳಲು ಗೋಡೆಗೆ ಕಬ್ಬಿಣದ ಸರಳನ್ನೂ ಹಾಕಿದ. ಸರಳು ಹಾಕಲು ಯಾರೂ ಹೇಳಿರಲಿಲ್ಲ. ಕೆಲಸ ಮುಗಿದ ದಿನ ಚೀಲ ಹೆಗಲಿಗೇರಿಸಿ, ತಂಗಿಯ ಮುಖ ನೋಡದೆ ಹೋದ. ಈಗಲೂ ಬಂದರೆ ಅಮ್ಮನೊಂದಿಗೆ ಮಾತ್ರ ಮಾತು.

ಕೆಲಸ ಮುಗಿದ ಆ ದಿನವೇ ಅಮ್ಮ ವಾಕರ್ ನೂಕಿಕೊಂಡು ಒಬ್ಬಳೇ ಹೊಸ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು. "ಚಿಲಕ ಬೇಡಮ್ಮಾ!" ಎಂದು ಮಗಳು ಬಾಗಿಲು ಬಡಿದರೆ, "ಹೋಗೇ ಆ ಕಡೆ," ಎಂದು ಒಳಗಿನಿಂದ ದನಿ ಬಂತು. ನೀರು ಸುರಿದುಕೊಳ್ಳುವ ಸದ್ದು ಬಹಳ ಹೊತ್ತು ಕೇಳಿಸಿತು.

ಮೊದಲ ಮಳೆಗೇ ಕಾರ್ಖಾನೆಯ ಗೋಡೆಯೂ ಇಟ್ಟಿಗೆಯ ಗೋಡೆಯೂ ಸೇರುವ ಸಂದಿನಲ್ಲಿ ನೀರು ಸೋರಿತು. ತಪ್ಪು ಮೇಸ್ತ್ರಿಯದು ಎಂದರು ಕಂಪನಿಯವರು. ಕಂಪನಿಯದು ಎಂದು ಅಮ್ಮನ ಮೂಲಕ ಹೇಳಿಕಳಿಸಿದ ಅಣ್ಣ. ತಂಗಿ ಅಂಗಡಿಯಿಂದ ಅಂಟಿನ ಟ್ಯೂಬು ತಂದು, ಸ್ಟೂಲು ಹತ್ತಿ ತಾನೇ ಮೆತ್ತಿದಳು. ಪ್ರತಿ ಮಳೆಗೂ ಮೆತ್ತುತ್ತಾಳೆ.

ಮೊನ್ನೆ ಕಾರು ಕಲಿಯಲು ಬಂದವರೊಬ್ಬರು ಸಿಗ್ನಲ್ಲಿನಲ್ಲಿ ನಿಂತಾಗ ಕೇಳಿದರು: "ನಾವೂ ಮನೆ ಮಾಡಿಸೋಣ ಅಂತಿದ್ದೀವಿ ಮೇಡಂ. ರೆಡಿಮೇಡ್ ಒಳ್ಳೇದೋ, ಕಟ್ಟಿಸೋದೋ?"

ಅವಳು ಬಾಯಿ ತೆರೆದಳು. ಹೇಳುವುದು ಎಷ್ಟೊಂದಿತ್ತು. ಅಷ್ಟರಲ್ಲಿ ಹಸಿರು ದೀಪ ಬಂತು.

"ಮೊದಲು ಗೇರ್ ಹಾಕಿ," ಎಂದಳು.